ಹಳೆಯ ಸ್ಕೋಡಾ ಲಾರಾಗೆ ಕಂಪನಿ ಮಾದರಿಯ ಸ್ಟೀರಿಯೊ ಮತ್ತು ಬ್ಲೂಟೂತ್: ವೈರ್ ಕತ್ತರಿಸದೆ ಸಾಧ್ಯವೇ?

ಮೈಸೂರು_ಲಾರಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2011ರ ಸ್ಕೋಡಾ ಲಾರಾ ಡೀಸೆಲ್ ಕಾರಿದೆ. ಎರಡನೆಯ ಮಾಲೀಕನಾಗಿ ಕೊಂಡು ನಾಲ್ಕು ವರ್ಷವಾಯಿತು. ಎಂಜಿನ್ನಿನ ಬಗ್ಗೆಯಾಗಲಿ ಗೇರ್‌ಬಾಕ್ಸಿನ ಬಗ್ಗೆಯಾಗಲಿ ನನಗೆ ಯಾವ ದೂರೂ ಇಲ್ಲ. ಕೊರತೆ ಇರುವುದು ಸ್ಟೀರಿಯೊದಲ್ಲಿ. ಅದಕ್ಕೆ ಸಿ.ಡಿ. ಹಾಕಬಹುದು, ಮೆಮೊರಿ ಕಾರ್ಡ್ ಹಾಕಬಹುದು, ಆದರೆ ಬ್ಲೂಟೂತ್ ಇಲ್ಲ, ನಕ್ಷೆಯಂತೂ ಇಲ್ಲವೇ ಇಲ್ಲ. ವಾರಕ್ಕೆ ಎರಡು ಬಾರಿ ಬೆಂಗಳೂರಿಗೆ ಹೋಗಿಬರುವ ನಾನು ಫೋನನ್ನು ಮುಂದಿನ ಗಾಜಿಗೆ ಅಂಟಿಸಿದ ಹಿಡಿಕೆಯಲ್ಲಿ ಸಿಕ್ಕಿಸಿಕೊಂಡು ಹೊರಡುತ್ತೇನೆ. ಬೇಸಿಗೆಯ ಮಧ್ಯಾಹ್ನವಾದರೆ ಮದ್ದೂರು ದಾಟುವಷ್ಟರಲ್ಲಿ ಬಿಸಿಲಿಗೆ ಫೋನ್ ಕಾದು ಅದರ ಪರದೆ ತಾನಾಗಿಯೇ ಮಂಕಾಗುತ್ತದೆ. ಕೆಂಗೇರಿಯಿಂದಾಚೆ ದಾರಿ ನೋಡಬೇಕಾದಾಗ ಸರಿಯಾಗಿ ಅದು ಕೈಕೊಡುತ್ತದೆ.

ಇಲ್ಲಿಯ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಡ್ಯಾಶ್‌ಬೋರ್ಡಿನಿಂದ ಅರ್ಧ ಅಂಗೈಯಷ್ಟು ಹೊರಚಾಚುವ 9 ಅಂಗುಲದ ಆಂಡ್ರಾಯ್ಡ್ ಪರದೆಯೊಂದನ್ನು ತೋರಿಸಿ, ಕಂಪನಿಯ ಕಪ್ಲರ್ (ಸ್ಟೀರಿಯೊಗೆ ಸಿಕ್ಕಿಸುವ ವೈರ್‌ಗಳ ಜೋಡಣೆ) ಕತ್ತರಿಸಿ ವೈರ್‌ಗಳನ್ನು ತಿರುಚಿ ಟೇಪ್ ಸುತ್ತಿದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ ಎಂದರು. "ಟೇಪ್ ಸುತ್ತಿದರೆ" ಎಂಬ ಮಾತು ಕೇಳಿದ ಮೇಲೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ನನಗೆ ಬೇಕಿರುವುದು ಕಾರಿನೊಂದಿಗೇ ಬಂದಂತೆ ಕಾಣುವ, ಮೂಲ ಕಪ್ಲರ್‌ಗೆ ನೇರವಾಗಿ ಕೂರುವ, ಸ್ಟೀರಿಂಗಿನ ಗುಂಡಿಗಳಿಗೆ ಸ್ಪಂದಿಸುವ ಸ್ಟೀರಿಯೊ. ಯಾವುದನ್ನು ಕೊಳ್ಳಬೇಕು? ನಕ್ಷೆ ಸ್ಟೀರಿಯೊದಲ್ಲೇ ಇರಬೇಕೆ, ಫೋನಿನಿಂದ ಬಂದರೆ ಸಾಕೆ? ಮೈಕ್ ಎಲ್ಲಿ ಕೂರಿಸಬೇಕು? ಜೊತೆಗೆ ಒಂದು ಮನೆಯ ಷರತ್ತೂ ಇದೆ: ನಮ್ಮ ತಂದೆಯವರು ಕಾರಿನಲ್ಲಿ ಕುಳಿತರೆಂದರೆ ಮೈಸೂರು ಆಕಾಶವಾಣಿಯ 100.6 ಸ್ಪಷ್ಟವಾಗಿ ಕೇಳಲೇಬೇಕು.

ಹಳೇ_ಡಬಲ್‌ಡಿನ್ ಉತ್ತರಿಸಿದ್ದು:

ನಮಸ್ಕಾರ ಸರ್. ನಿಮ್ಮ ಲಾರಾ ಎಂದರೆ ಹೊರದೇಶಗಳಲ್ಲಿ ಎರಡನೆಯ ತಲೆಮಾರಿನ ಆಕ್ಟೇವಿಯಾ ಎಂದು ಮಾರಾಟವಾದ ಕಾರು. ಫೋಕ್ಸ್‌ವ್ಯಾಗನ್ ಗುಂಪಿನ ಐದನೆಯ ಮತ್ತು ಆರನೆಯ ತಲೆಮಾರಿನ ಗಾಲ್ಫ್ ಕಾರುಗಳೊಂದಿಗೆ ಅಡಿಪಾಯವನ್ನೂ ವೈರಿಂಗಿನ ಬಹುಭಾಗವನ್ನೂ ಹಂಚಿಕೊಂಡದ್ದು. ಇದರಿಂದ ನಿಮಗೆ ದೊಡ್ಡ ಅನುಕೂಲವಿದೆ. ಸ್ಕೋಡಾ ಬೊಲೆರೊ ಎಂದು ಕರೆದ ಸ್ಟೀರಿಯೊ ಫೋಕ್ಸ್‌ವ್ಯಾಗನ್ನಿನ ಆರ್‌ಸಿಡಿ 510 ಸ್ಟೀರಿಯೊದ ಒಡಹುಟ್ಟು. ಕೊಲಂಬಸ್ ಎಂದು ಕರೆದ, ನಕ್ಷೆಯೂ ಇರುವ ಸ್ಟೀರಿಯೊ ಆರ್‌ಎನ್‌ಎಸ್ 510ರದ್ದು. ಆದ್ದರಿಂದ ಎರಡೂ ಹೆಸರುಗಳಲ್ಲಿ ಹುಡುಕಿ.

ಕೊಲಂಬಸ್ ಕೊಳ್ಳಲು ಹೋಗಬೇಡಿ ಎಂಬುದು ನನ್ನ ಸಲಹೆ. ನೋಡಲು ಅದು ಗಂಭೀರವಾಗಿದೆ, 6.5 ಅಂಗುಲದ ಸ್ಪರ್ಶಪರದೆಯಿದೆ, ಒಳಗೆ ಹಾರ್ಡ್ ಡಿಸ್ಕ್ ಇದೆ. ಆದರೆ ಸೆಕೆಂಡ್ ಹ್ಯಾಂಡ್ ಆಗಿ ಸಿಗುವವುಗಳಲ್ಲಿ ಹೆಚ್ಚಿನವು ಯುರೋಪಿನ ನಕ್ಷೆ ಹೊತ್ತು ಬಂದಿರುತ್ತವೆ. ಸ್ಟುಟ್‌ಗಾರ್ಟಿನ ಓಣಿಗಳು ಅದಕ್ಕೆ ಗೊತ್ತಿರಬಹುದು. 2023ರಲ್ಲಿ ಉದ್ಘಾಟನೆಯಾದ ನಮ್ಮ ಬೆಂಗಳೂರು–ಮೈಸೂರು ದಶಪಥ ಅದಕ್ಕೆ ಗೊತ್ತಿರುವುದಿಲ್ಲ. ಇನ್ನೊಂದು ತೊಡಕೆಂದರೆ, ಬೇರೆ ಕಾರಿನಿಂದ ಬಿಚ್ಚಿ ತಂದ ಸ್ಟೀರಿಯೊ ಘಟಕಕ್ಕೆ ವಿದ್ಯುತ್ ಕೊಟ್ಟೊಡನೆ ಅದು ಕಳ್ಳತನ ತಡೆಯಲೆಂದಿರುವ ನಾಲ್ಕು ಅಂಕಿಯ ಸೇಫ್ ಕೋಡ್ ಕೇಳುತ್ತದೆ. ತಪ್ಪು ಅಂಕಿ ಒತ್ತುತ್ತ ಹೋದರೆ ಸುಮಾರು ಒಂದು ಗಂಟೆ ಬೀಗ ಹಾಕಿಕೊಂಡು ಕೂರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೋಡ್ ಕೊಡಲಾರದೆ ಅಗ್ಗದ ಬೆಲೆ ಹೇಳುವವರು ಸಿಕ್ಕರೆ, ಆ ಘಟಕ ಯಾರ ಡ್ಯಾಶ್‌ಬೋರ್ಡಿನಿಂದ ಹೇಗೆ ಹೊರಬಂತು ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಲಾರಾ ಇಟ್ಟುಕೊಂಡಿರುವ ಅನೇಕರು ಹಾಕಿಸಿರುವುದು ಚೀನಾದ ಮಾರುಕಟ್ಟೆಗಾಗಿ ತಯಾರಾದ ಆರ್‌ಸಿಡಿ 330 ಪ್ಲಸ್. ಇದೂ 6.5 ಅಂಗುಲದ್ದೇ, ಮೂಲ ಚೌಕಟ್ಟಿನೊಳಗೆ ಕೂರುತ್ತದೆ, ಬ್ಲೂಟೂತ್ ಒಳಗೇ ಇದೆ, ಐಫೋನಿನ ನಕ್ಷೆ, ಹಾಡುಗಳನ್ನು ಪರದೆಗೆ ತರುವ ಕಾರ್‌ಪ್ಲೇ ಇದೆ. ಇದಕ್ಕೆ ತನ್ನದೇ ಆದ ನಕ್ಷೆ ಇಲ್ಲ; ದಾರಿ ತೋರಿಸುವುದು ನಿಮ್ಮ ಫೋನ್. ನನ್ನ ದೃಷ್ಟಿಯಲ್ಲಿ ಅದೇ ಸರಿಯಾದ ವ್ಯವಸ್ಥೆ, ಏಕೆಂದರೆ ಫೋನಿನ ನಕ್ಷೆ ತಾನಾಗಿ ಹೊಸದಾಗುತ್ತಿರುತ್ತದೆ, ಗೂಗಲ್ ನಕ್ಷೆ 2018ರಿಂದ ಕನ್ನಡದಲ್ಲೇ ದಾರಿ ಹೇಳುತ್ತಿದೆ, ಫೋನ್ ಕೂಡ ಬಿಸಿಲಿನಲ್ಲಿ ಬೇಯದೆ ಆರ್ಮ್‌ರೆಸ್ಟಿನ ಪೆಟ್ಟಿಗೆಯಲ್ಲಿ ಇರುತ್ತದೆ. ಆದರೆ ಕೊಳ್ಳುವ ಮುನ್ನ ಒಂದನ್ನು ಖಚಿತಪಡಿಸಿಕೊಳ್ಳಿ: ಈ ಘಟಕಗಳಲ್ಲಿ ಕೆಲವಕ್ಕೆ ಕಾರ್‌ಪ್ಲೇ ಮತ್ತು ಫೋನನ್ನು ಪರದೆಗೆ ಜೋಡಿಸುವ ಹಳೆಯ ವಿಧಾನವಾದ ಮಿರರ್‌ಲಿಂಕ್ ಮಾತ್ರ ಗೊತ್ತು. ನಿಮ್ಮದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದನ್ನು ಜೊತೆಗೆ ಒಯ್ದು, ಕೇಬಲ್ ಸಿಕ್ಕಿಸಿ, ನಕ್ಷೆ ತೆರೆದದ್ದನ್ನು ಕಣ್ಣಾರೆ ನೋಡಿಯೇ ಹಣ ಕೊಡಿ.

ತಂದೆಯವರ ಷರತ್ತಿಗೂ ಇದರಲ್ಲಿ ಉತ್ತರವಿದೆ. ಈ ಕಾರುಗಳ ಆಂಟೆನಾದಲ್ಲಿ ಸಣ್ಣದೊಂದು ಆಂಪ್ಲಿಫೈಯರ್ ಇದ್ದು, ಅದಕ್ಕೆ ಬೇಕಾದ ವಿದ್ಯುತ್ತು ಆಂಟೆನಾ ಕೇಬಲ್ಲಿನ ಮೂಲಕವೇ ಸ್ಟೀರಿಯೊದಿಂದ ಹೋಗುತ್ತದೆ. ಹೊರಗಿನ ಪರದೆ ಹಾಕಿಸಿದವರು "ಎಫ್‌ಎಂ ಗೊರಗೊರ ಎನ್ನುತ್ತದೆ" ಎನ್ನುವುದಕ್ಕೆ ಬಹಳ ಸಲ ಇದೇ ಕಾರಣ. ಕಂಪನಿ ಮಾದರಿಯ ಘಟಕ ಆ ವಿದ್ಯುತ್ತನ್ನು ತಾನೇ ಕೊಡುತ್ತದೆ.

ಮಲ್ಟಿಮೀಟರ್_ಹುಬ್ಬಳ್ಳಿ ಉತ್ತರಿಸಿದ್ದು:

ಮೇಲಿನವರು ಹೇಳಿದ ಆಯ್ಕೆ ಸರಿಯಾಗಿದೆ. ಆದರೆ ಅವರು ಹೇಳದೆ ಬಿಟ್ಟ ಮಾತೇ ಈ ಕೆಲಸದ ಮುಖ್ಯ ಭಾಗ. ನಾನು ವಾಹನಗಳ ವಿದ್ಯುತ್ ಕೆಲಸ ಮಾಡುವವನು. ಈ ಕಾರುಗಳಲ್ಲಿ ಸ್ಟೀರಿಯೊ ಹಾಕಿಸಿಕೊಂಡವರು ನನ್ನ ಬಳಿ ಬರುವುದು ಹಾಡು ಕೇಳುತ್ತಿಲ್ಲ ಎಂದಲ್ಲ, ಬೆಳಗ್ಗೆ ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂದು.

ಹಳೆಯ ಕಾಲದ ಕಾರುಗಳಲ್ಲಿ ಸ್ಟೀರಿಯೊಗೆ ಎರಡು ವಿದ್ಯುತ್ ವೈರ್‌ಗಳು ಬರುತ್ತಿದ್ದವು: ಒಂದು ಸದಾ ಜೀವಂತ, ಇನ್ನೊಂದು ಕೀಲಿ ತಿರುಗಿಸಿದಾಗ ಮಾತ್ರ ಜೀವಂತ. ಕೀಲಿ ತೆಗೆದರೆ ಎರಡನೆಯದು ಸಾಯುತ್ತಿತ್ತು, ಸ್ಟೀರಿಯೊ ನಿಲ್ಲುತ್ತಿತ್ತು. ಲಾರಾದ ಕಪ್ಲರಿನಲ್ಲಿ ಆ ಎರಡನೆಯ ವೈರ್ ಇಲ್ಲ. 15ನೆಯ ಪಿನ್ನಿನಲ್ಲಿ ಸದಾ 12 ವೋಲ್ಟ್ ಇರುತ್ತದೆ, 12ನೆಯದು ಅರ್ಥ್. ಕೀಲಿ ಇದೆಯೇ ಇಲ್ಲವೇ ಎಂಬ ಸುದ್ದಿ 9 ಮತ್ತು 10ನೆಯ ಪಿನ್ನುಗಳ ಕ್ಯಾನ್ ವೈರ್‌ಗಳಲ್ಲಿ, ಅಂದರೆ ಕಾರಿನ ಘಟಕಗಳು ಪರಸ್ಪರ ಮಾತಾಡುವ ಜಾಲದಲ್ಲಿ, ಸಂದೇಶವಾಗಿ ಬರುತ್ತದೆ. ಸ್ಟೀರಿಂಗಿನ ಗುಂಡಿ ಒತ್ತಿದ ಸುದ್ದಿಯೂ ರಾತ್ರಿ ಗುಂಡಿಗಳ ಬೆಳಕು ತಗ್ಗಿಸಬೇಕೆಂಬ ಸುದ್ದಿಯೂ ಬರುವುದು ಅದೇ ಜೋಡಿ ವೈರಿನಲ್ಲಿ. ಈ ಸಂದೇಶಗಳನ್ನು ಕಾರಿನ ಬೇರೆ ಬೇರೆ ಜಾಲಗಳ ನಡುವೆ ದಾಟಿಸುವ ಪುಟ್ಟ ಪೆಟ್ಟಿಗೆಗೆ ಗೇಟ್‌ವೇ ಎಂದು ಹೆಸರು; ಚಾಲಕನ ಕಾಲಿನ ಕಡೆ, ಡ್ಯಾಶ್‌ಬೋರ್ಡಿನ ಒಳಗೆ ಅಡಗಿರುತ್ತದೆ.

ಆರ್‌ಸಿಡಿ 330 ತಯಾರಾದದ್ದು ಹೊಸ ಕಾಲದ ಗೇಟ್‌ವೇ ಇರುವ ಕಾರುಗಳಿಗೆ. ಹಳೆಯ ಗೇಟ್‌ವೇ "ಎಲ್ಲರೂ ಮಲಗಿ" ಎಂದು ಹೇಳುವ ರೀತಿ ಇದಕ್ಕೆ ಅರ್ಥವಾಗುವುದಿಲ್ಲ. ಪರದೆ ಆರಿರುತ್ತದೆ, ಮಾಲೀಕರು ಬೀಗ ಹಾಕಿ ಮನೆಗೆ ಹೋಗಿರುತ್ತಾರೆ, ಒಳಗೆ ಮಾತ್ರ ಘಟಕ ಎಚ್ಚರವಾಗಿಯೇ ಇದ್ದು ತನ್ನ ಜೊತೆಗೆ ಜಾಲವನ್ನೂ ಎಚ್ಚರವಾಗಿಟ್ಟಿರುತ್ತದೆ. ಇದು ಘಟಕದ ದೋಷವೂ ಅಲ್ಲ, ಕಾರಿನ ದೋಷವೂ ಅಲ್ಲ. ಎರಡರ ಕಾಲ ಬೇರೆ, ಅಷ್ಟೆ. ಲೆಕ್ಕ ಹಾಕಿ ನೋಡಿ. 0.3 ಆಂಪಿಯರ್ ಹರಿಯುತ್ತಿದ್ದರೆ ದಿನಕ್ಕೆ 7.2 ಆಂಪಿಯರ್-ಅವರ್ ಖರ್ಚಾಗುತ್ತದೆ. 70 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಐದು ದಿನದೊಳಗೆ ಖಾಲಿ. ಬ್ಯಾಟರಿಗೆ ವಯಸ್ಸಾಗಿದ್ದರೆ ಅಷ್ಟು ದಿನವೂ ಬೇಡ.

ಇದಕ್ಕೆ ಎರಡು ದಾರಿಗಳಿವೆ. ಕ್ಯಾನ್ ವೈರಿನ ನಡುವೆ ಸಿಕ್ಕಿಸುವ ಸಣ್ಣ ಅಡಾಪ್ಟರ್‌ಗಳು ಸಿಗುತ್ತವೆ. ಅಗ್ಗ, ಆದರೆ ಅವುಗಳ ಗುಣಮಟ್ಟ ಒಂದರಂತೆ ಇನ್ನೊಂದಿಲ್ಲ. ನಾನು ಹೇಳುವುದು ಗೇಟ್‌ವೇಯನ್ನೇ ಬದಲಿಸಿ ಎಂದು. 7ಎನ್0 907 530 ಎಂದು ಆರಂಭವಾಗುವ ಸಂಖ್ಯೆಯ ಹೊಸ ಗೇಟ್‌ವೇ ಹಳೆಯದರ ಜಾಗದಲ್ಲೇ, ಅದೇ ಕಪ್ಲರಿಗೆ ಕೂರುತ್ತದೆ. ಹಳೆಯದನ್ನು ತೆಗೆಯುವ ಮೊದಲು ವಿಸಿಡಿಎಸ್ ಎಂಬ ತಪಾಸಣಾ ತಂತ್ರಾಂಶ ಹಾಕಿ 19ನೆಯ ವಿಳಾಸದಲ್ಲಿರುವ, ಅಂದರೆ ಗೇಟ್‌ವೇಯ, ಕೋಡಿಂಗನ್ನೂ (ಹೊಂದಾಣಿಕೆಯ ಅಂಕಿಗಳನ್ನೂ) ಘಟಕಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಬೇಕು. ಹೊಸದನ್ನು ಕೂರಿಸಿದ ಮೇಲೆ ಅದನ್ನೇ ತುಂಬಿ, ಪಟ್ಟಿಯಲ್ಲಿ 56ನೆಯ ವಿಳಾಸದ ರೇಡಿಯೊಗೆ ಗುರುತು ಇದೆಯೇ ಎಂದು ನೋಡಬೇಕು. ಈ ಬರೆದಿಡುವ ಕೆಲಸ ಮಾಡದೆ ಬಿಚ್ಚಿದವರು ಆಮೇಲೆ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳನ್ನು ಎಣಿಸುತ್ತ ಕೂರುತ್ತಾರೆ.

ಅಳತೆ ಮಾಡುವಾಗ ಅವಸರ ಬೇಡ. ಬ್ಯಾಟರಿಯ ನೆಗೆಟಿವ್ ವೈರಿಗೆ ಮಲ್ಟಿಮೀಟರನ್ನು ಸರಣಿಯಲ್ಲಿ ಜೋಡಿಸಿ, ಕಾರಿಗೆ ಬೀಗ ಹಾಕಿ, ಅರ್ಧ ಗಂಟೆ ಕಾದು ನೋಡಿ. ಸುಮಾರು 50 ಮಿಲಿ ಆಂಪಿಯರಿಗಿಂತ ಕೆಳಗೆ ಇಳಿದು ನಿಂತರೆ ನಿಶ್ಚಿಂತೆ. ಮೀಟರ್ ಜೋಡಿಸಿರುವಾಗ ಯಾರೂ ಕೀಲಿ ತಿರುಗಿಸಬಾರದು. ಸ್ಟಾರ್ಟರಿನ ಹೊಡೆತಕ್ಕೆ ಮೀಟರಿನ ಫ್ಯೂಸ್ ಉಳಿಯುವುದಿಲ್ಲ.

ರೆಡಿಂಗ್_ಕನ್ನಡತಿ ಉತ್ತರಿಸಿದ್ದು:

ನಾನಿರುವುದು ಇಂಗ್ಲೆಂಡಿನಲ್ಲಿ, ನಮ್ಮದೂ ಇದೇ ತಲೆಮಾರಿನ, ಬಲಗಡೆ ಸ್ಟೀರಿಂಗಿನ ಆಕ್ಟೇವಿಯಾ. ನಾವು ಕೊಲಂಬಸ್ ಹಾಕಿಸಿದೆವು, ಇಲ್ಲಿ ನಕ್ಷೆ ಸಿಗುವುದರಿಂದ. ಹಾಕಿಸಿದ ಮೇಲೆ ತಿಳಿದದ್ದೇನೆಂದರೆ ಆ ದುಬಾರಿ ಘಟಕದೊಳಗೆ ಬ್ಲೂಟೂತ್ ಇರಲಿಲ್ಲ! ಅದಕ್ಕೆ ಸೀಟಿನ ಕೆಳಗೆ ಕೂರುವ ಬೇರೆ ಪೆಟ್ಟಿಗೆ, ಅದಕ್ಕೆ ಬೇರೆ ವೈರಿಂಗ್, ಕಾರ್ಪೆಟ್ ಎತ್ತುವ ಕೆಲಸ. ಆ ಪೆಟ್ಟಿಗೆಯ ಖರ್ಚನ್ನು ಯಾರೂ ಮೊದಲು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಲೂಟೂತ್ ಒಳಗೇ ಇರುವುದನ್ನು ಕೊಳ್ಳಿ ಎಂಬ ಮಾತಿಗೆ ನನ್ನದೂ ಸಹಿ.

ಮೈಕ್ ಬಗ್ಗೆ: ಅಂಗಡಿಯವರು ಸಾಮಾನ್ಯವಾಗಿ ಸ್ಟೀರಿಂಗ್ ಕಂಬದ ಮೇಲೆ ಅಂಟಿಸುತ್ತಾರೆ. ಅಲ್ಲಿ ಎಸಿ ಗಾಳಿಯ ಸದ್ದೆಲ್ಲ ಮೈಕಿಗೆ ಹೋಗಿ, ಆ ತುದಿಯಲ್ಲಿರುವವರಿಗೆ ನೀವು ಗಿರಣಿಯೊಳಗಿಂದ ಮಾತಾಡಿದಂತೆ ಕೇಳುತ್ತದೆ. ಚಾವಣಿಯ ಮುಂದಿನ ದೀಪದ ಜಾಗದಲ್ಲಿ ಸಣ್ಣ ಜಾಲರಿಯ ಕಂಡಿಗಳಿವೆ. ಕಂಪನಿಯವರ ಮೈಕ್ ಇರುವುದೂ ಅಲ್ಲೇ. ಅಲ್ಲಿಂದ ವೈರನ್ನು ಪಕ್ಕದ ಕಂಬದ ಒಳಗೆ ಇಳಿಸಿಕೊಳ್ಳಬಹುದು. ಆದರೆ ನಿಮ್ಮ ಕಾರಿನಲ್ಲಿ ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇದ್ದರೆ ವೈರ್ ಅದರ ಮುಂದೆ ಅಡ್ಡ ಹಾಯಬಾರದು. ಮೂಲ ವೈರಿನ ಗೊಂಚಲಿನ ಹಿಂದೆಯೇ ಹಾಯಿಸಿ ಅದಕ್ಕೇ ಕಟ್ಟಿಸಿ.

ಮೈಸೂರು_ಲಾರಾ ಬರೆದದ್ದು (ಐದು ವಾರಗಳ ನಂತರ):

ಎಲ್ಲರಿಗೂ ಕೃತಜ್ಞತೆಗಳು. ಕೆಲಸ ಮುಗಿದಿದೆ, ನಡೆದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

ಆರ್‌ಸಿಡಿ 330 ಪ್ಲಸ್ ಕೊಂಡೆ. ನನ್ನ ಫೋನಿಗೆ ಕಾರ್‌ಪ್ಲೇ ಸಾಕಾದ್ದರಿಂದ ಆ ಗೊಂದಲ ಬರಲಿಲ್ಲ. ಸುತ್ತಲಿನ ಚೌಕಟ್ಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ ತೆಗೆದು, ಹಿಂದಿದ್ದ ಸ್ಕ್ರೂಗಳನ್ನು ಬಿಚ್ಚಿದಾಗ ಹಳೆಯ ಸ್ಟೀರಿಯೊ ಸುಲಭವಾಗಿ ಹೊರಬಂತು. ಕಪ್ಲರ್ ಒಂದೇ ಏಟಿಗೆ ಕೂತಿತು. ತೊಂದರೆ ಕೊಟ್ಟದ್ದು ಯುಎಸ್‌ಬಿ ಕೇಬಲ್: ಅದನ್ನು ಗ್ಲೋವ್‌ಬಾಕ್ಸಿನ ಹಿಂದಿನಿಂದ ಎಳೆದು ತರುವಷ್ಟರಲ್ಲಿ ಒಂದು ಭಾನುವಾರದ ಮಧ್ಯಾಹ್ನ ಕಳೆದುಹೋಯಿತು, ಬೆರಳ ಗೆಣ್ಣಿನ ಚರ್ಮವೂ ಒಂದಿಷ್ಟು ಹೋಯಿತು.

ಆತುರಕ್ಕೆ ಬಿದ್ದು ಗೇಟ್‌ವೇ ಬರುವ ಮೊದಲೇ ಸ್ಟೀರಿಯೊ ಜೋಡಿಸಿದ್ದೆ. ಹುಬ್ಬಳ್ಳಿಯವರು ಹೇಳಿದಂತೆಯೇ ಆಯಿತು. ಬೀಗ ಹಾಕಿ ಅರ್ಧ ಗಂಟೆ ಕಳೆದರೂ ಮೀಟರ್ 0.28 ಆಂಪಿಯರಿನಲ್ಲೇ ನಿಂತಿತ್ತು. ಗೇಟ್‌ವೇ ಬರುವವರೆಗೆ ಹನ್ನೊಂದು ದಿನ ಪ್ರತಿ ರಾತ್ರಿ ಸ್ಟೀರಿಯೊದ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು ಮಲಗಿದೆ. ಒಂದು ದಿನ ಅದು ಅಂಗಿಯೊಂದಿಗೆ ವಾಷಿಂಗ್ ಮೆಷಿನ್ನಿಗೂ ಹೋಗಿಬಂತು. ಹೊಸ ಗೇಟ್‌ವೇ ಕೂರಿಸಿ ಕೋಡಿಂಗ್ ತುಂಬಿದ ಮೇಲೆ ಓದಿದ ಅಂಕಿ 0.02. ಮೊನ್ನೆ ಆರು ದಿನ ಊರಿನಲ್ಲಿರಲಿಲ್ಲ, ಬಂದೊಡನೆ ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ತಂದೆಯವರು ವಾರ್ತೆ ಪೂರ್ತಿ ಕೇಳಿ, "ಹಳೆಯದಕ್ಕಿಂತ ಬಾಸ್ ಜಾಸ್ತಿ" ಎಂಬ ಒಂದೇ ಆಕ್ಷೇಪ ಎತ್ತಿದರು, ತಗ್ಗಿಸಿದ್ದೇನೆ.

ಒಂದು ಬಾಕಿ ಇದೆ. ಸ್ಟೀರಿಂಗಿನಲ್ಲಿ ಧ್ವನಿ ಹೆಚ್ಚಿಸುವ, ಹಾಡು ಬದಲಿಸುವ ಗುಂಡಿಗಳು ಕೆಲಸ ಮಾಡುತ್ತಿವೆ, ಫೋನ್ ಗುಂಡಿ ಮಾತ್ರ ಮಾಡುತ್ತಿಲ್ಲ. ಕರೆ ಬಂದಾಗ ಪರದೆಯನ್ನೇ ಮುಟ್ಟಬೇಕಾಗಿದೆ.

ಮಲ್ಟಿಮೀಟರ್_ಹುಬ್ಬಳ್ಳಿ ಉತ್ತರಿಸಿದ್ದು:

ನಿಮ್ಮ ಕಾರಿಗೆ ಮೊದಲು ಫೋನ್ ವ್ಯವಸ್ಥೆಯೇ ಇರಲಿಲ್ಲವಾದ್ದರಿಂದ ಆ ಗುಂಡಿಯ ಸಂದೇಶ ಎಲ್ಲಿಗೆ ಹೋಗಬೇಕೆಂದು ಕಾರಿಗೆ ಗೊತ್ತಿಲ್ಲ. ವಿಸಿಡಿಎಸ್‌ನಲ್ಲಿ 16ನೆಯ ವಿಳಾಸ, ಅಂದರೆ ಸ್ಟೀರಿಂಗ್ ಘಟಕದ ಕೋಡಿಂಗ್ ತೆರೆದು, ಅದರಲ್ಲಿ ಫೋನ್ ಗುಂಡಿಗಳಿರುವ ಸ್ಟೀರಿಂಗ್ ಎಂಬ ಆಯ್ಕೆ ಆಗಿದೆಯೇ ನೋಡಿ. ಬದಲಿಸುವ ಮುನ್ನ ಈಗಿರುವ ಅಂಕಿಗಳ ಫೋಟೊ ತೆಗೆದುಕೊಂಡು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಇನ್ನು, ಮುಂದಿನ ಸಲ ವಿಮೆ ನವೀಕರಿಸುವಾಗ ಈ ಸ್ಟೀರಿಯೊದ ಬಿಲ್ಲನ್ನು ವಿಮಾ ಕಂಪನಿಗೆ ತೋರಿಸಿ. ಕಾರಿನೊಂದಿಗೆ ಬರದ ವಿದ್ಯುತ್ ಸಾಮಗ್ರಿಗೆ ಅದರ ಮೌಲ್ಯ ನಮೂದಿಸಿ ಪ್ರತ್ಯೇಕ ಪ್ರೀಮಿಯಂ ಕಟ್ಟಿದರೆ ಮಾತ್ರ ಕಳುವಾದಾಗ ಪರಿಹಾರ ಕೇಳಲು ಬರುತ್ತದೆ. ನೋಡಲು ಕಂಪನಿಯದರಂತೆಯೇ ಇದ್ದರೂ ಪಾಲಿಸಿಯ ಲೆಕ್ಕದಲ್ಲಿ ಅದು ಹೊರಗಿನದೇ.