ಸಹಾಯ ಬೇಕು: ಜಪಾನಿ ಭಾಷೆಯಲ್ಲಿ 'ಎರಡು' ಅನ್ನೋಕೆ ಎಷ್ಟು ಪದ?

ಮುಂದಿನ ತಿಂಗಳು ಅಮ್ಮನ ಜೊತೆ ಕ್ಯೋಟೋಗೆ ಹೋಗುತ್ತಿದ್ದೇನೆ. ಎರಡು ತಿಂಗಳಿಂದ ಆ್ಯಪ್‌ನಲ್ಲಿ ಜಪಾನಿ ಕಲಿಯುತ್ತಿದ್ದೇನೆ. 'ಸುಮಿಮಾಸೆನ್' (ಕ್ಷಮಿಸಿ), 'ಅರಿಗಾತೊ ಗೊಝಾಯ್ಮಾಸ್' (ಧನ್ಯವಾದ) ಬಾಯಿಗೆ ಬಂದಿವೆ. ಇಚಿ, ನಿ, ಸಾನ್ ಅಂತ ಎಣಿಸೋದೂ ಬಂತು. ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ.

ಮುಗಿದಿಲ್ಲ! ಹೋಟೆಲ್‌ನಲ್ಲಿ 'ನಾನ್‌ಮೇಯ್ ಸಮಾ ದೆಸ್ ಕಾ', ಅಂದರೆ ಎಷ್ಟು ಜನ ಅಂತ ಕೇಳಿದರೆ 'ಫುತಾರಿ' ಅನ್ನಬೇಕಂತೆ. ಇದು ಸುಲಭ, ನಾವೂ 'ಎರಡು ಜನ' ಅನ್ನದೆ 'ಇಬ್ಬರು' ಅಂತೀವಲ್ವಾ. ಆದರೆ ಮೂವರಾದರೆ 'ಸಾನ್ನಿನ್'. ಎರಡು ಟಿಕೆಟ್‌ಗೆ 'ನಿಮಾಯ್', ಯಾಕೆಂದರೆ ಅದು ತೆಳುವಾದ ವಸ್ತು. ಎರಡು ನೀರಿನ ಬಾಟಲಿಗೆ 'ನಿಹೊನ್', ಯಾಕೆಂದರೆ ಅದು ಉದ್ದ. ಜಪಾನ್ ದೇಶದ ಹೆಸರೂ 'ನಿಹೊನ್' ತಾನೇ! ಒಂದು ಬಾಟಲಿ 'ಇಪ್ಪೊನ್', ಮೂರು 'ಸಾನ್‌ಬೊನ್'. ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ನಿನ್ನೆ ಅಮ್ಮ ಪರೀಕ್ಷೆ ಮಾಡಿದರು, ಟಿಕೆಟ್ ಕೇಳೋ ಬದಲು ಇಬ್ಬರು ಮನುಷ್ಯರನ್ನು ಕೇಳಿದೆ.

ವಸ್ತುಗಳಿಗೆಲ್ಲ ಹಿತೊತ್ಸು, ಫುತಾತ್ಸು, ಮಿತ್ತ್ಸು (ಒಂದು, ಎರಡು, ಮೂರು) ಅಂತ ಒಂದೇ ಸಾಲು ಇದೆ, ಹತ್ತರವರೆಗೆ ಅದು ಸಾಕು ಅಂತ ಒಂದು ವಿಡಿಯೋದಲ್ಲಿ ಹೇಳಿದರು. ಇನ್ನೊಂದರಲ್ಲಿ ಹಾಗೆ ಮಾತಾಡಿದರೆ ಚಿಕ್ಕ ಮಕ್ಕಳ ಮಾತಿನ ಹಾಗೆ ಕೇಳುತ್ತದೆ ಅಂದರು. ಮಕ್ಕಳ ಹಾಗೆ ಕೇಳಿದರೆ ನನಗೇನೂ ಬೇಜಾರಿಲ್ಲ. ಅರ್ಥ ಆದರೆ ಸಾಕು.

ಅಲ್ಲಿಗೆ ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ: ಸ್ಟೇಷನ್ ಕೌಂಟರ್‌ನಲ್ಲಿ ಟಿಕೆಟ್‌ಗೂ, ಅಂಗಡಿಯಲ್ಲಿ ಬಾಟಲಿಗೂ ಬರೀ 'ಫುತಾತ್ಸು ಕುದಸಾಯ್' (ಎರಡು ಕೊಡಿ) ಅಂದರೆ ನಡೆಯುತ್ತದಾ, ಅಥವಾ 'ನಿಮಾಯ್', 'ನಿಹೊನ್' ಕಲಿಯಲೇಬೇಕಾ?