ಸಹಾಯ ಬೇಕು: ಬೆಂಗಳೂರಲ್ಲಿ ಮಕ್ಕಳಿಗೂ ಹಿರಿಯರಿಗೂ ಆಗುವ ಜಾಗ

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ದಾವಣಗೆರೆಯಿಂದ ನಮ್ಮತ್ತೆ, ನಾದಿನಿ, ಅವಳ ಇಬ್ಬರು ಮಕ್ಕಳು ಬರುತ್ತಿದ್ದಾರೆ. ಅತ್ತೆಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಅವರನ್ನು ಮನೆಯಲ್ಲಿ ಬಿಟ್ಟು ನಾವಷ್ಟೇ ಸುತ್ತಲು ನನಗೆ ಮನಸ್ಸಿಲ್ಲ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ತೋರಿಸಲೇಬೇಕು. ದೊಡ್ಡ ಹುಡುಗನಿಗೆ ವಿಮಾನ ಅಂದರೆ ಪ್ರಾಣ, ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ. ಆದರೆ ಮಹಡಿಗಳು ಹಲವು. ಲಿಫ್ಟ್, ಗಾಲಿಕುರ್ಚಿ ಸುಲಭವಾಗಿ ಸಿಗುತ್ತದಾ? ಪಕ್ಕದ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಈಗ ಓಡುತ್ತಿದೆಯಾ? ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ ಅಲ್ವಾ, ಹಾಗಾದರೆ ಅತ್ತೆಯನ್ನು ಯಾವ ಗೇಟಿನ ಹತ್ತಿರ ಇಳಿಸಿದರೆ ನಡಿಗೆ ಕಡಿಮೆ?

ನೆಹರೂ ತಾರಾಲಯದಲ್ಲಿ ಕನ್ನಡ ಪ್ರದರ್ಶನಕ್ಕೇ ಹೋಗಬೇಕು, ಅತ್ತೆಗೂ ಅರ್ಥವಾಗಲಿ. ಈಗಿನ ಸಮಯ ಗೊತ್ತಿದ್ದವರು ತಿಳಿಸಿ.

ಬನ್ನೇರುಘಟ್ಟಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ, ಅದು ಗೊತ್ತು. ಸಫಾರಿ ಬಸ್ಸಿನ ಮೆಟ್ಟಿಲು ವಯಸ್ಸಾದವರಿಗೆ ಹತ್ತಲು ಆಗುತ್ತದಾ? ರಜೆಯಲ್ಲಿ ಎಷ್ಟು ಹೊತ್ತು ಕಾಯಬೇಕು? ಹಿರಿಯರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.