ಮೂಲ ರೆಪೊ (ಕೋಡ್ ಸಂಗ್ರಹ) ಮುಂದೆ ಹೋಗಿದೆ, ನನ್ನ ನಕಲು ಹಿಂದೆ ಉಳಿದಿದೆ

ಪ್ರಶ್ನೆ (ಗಂಗಾವತಿಯ ವಿದ್ಯಾರ್ಥಿ): ಅಕ್ಕಾ, ನಮಸ್ಕಾರ. ಇಲ್ಲಿನ ಅಕ್ಕಿ ಗಿರಣಿಯೊಂದಕ್ಕೆ ಬಿಲ್ಲಿಂಗ್ ತಂತ್ರಾಂಶ ಹೊಂದಿಸಿಕೊಡುತ್ತಿದ್ದೇನೆ. ಮುಕ್ತ ತಂತ್ರಾಂಶವೊಂದನ್ನು ಗಿಟ್‌ಹಬ್‌ನಲ್ಲಿ (ಕೋಡಿನ ಬದಲಾವಣೆಗಳ ದಾಖಲೆ ಇಡುವ 'ಗಿಟ್' ಬಳಸುವ ಜಾಲತಾಣ) ಫೋರ್ಕ್ ಮಾಡಿ (ನನ್ನ ಖಾತೆಗೆ ನಕಲಿಸಿ), ಕ್ಲೋನ್ ಮಾಡಿಕೊಂಡು (ನನ್ನ ಕಂಪ್ಯೂಟರಿಗೆ ಇಳಿಸಿಕೊಂಡು), ಕನ್ನಡ ಬಿಲ್ಲು, ಚೀಲದ ತೂಕಕ್ಕೆ ತಕ್ಕ ಜಿಎಸ್‌ಟಿ ಎಲ್ಲವನ್ನೂ 'ಮೇನ್' ಎಂಬ ಮುಖ್ಯ ಶಾಖೆಯಲ್ಲೇ ಬರೆದಿದ್ದೇನೆ. ಈಚೆಗೆ ಮೂಲದವರು ಹಲವು ದೋಷಗಳನ್ನು ಸರಿಪಡಿಸಿದ್ದಾರೆ. ಹೊಸ ಬದಲಾವಣೆ ತರಿಸಲು 'ಗಿಟ್ ಪುಲ್' ಕೊಟ್ಟರೆ ಹೊಸದೇನೂ ಇಲ್ಲ ಎನ್ನುತ್ತದೆ. ಗಿಟ್‌ಹಬ್‌ನ 'ಸಿಂಕ್ ಫೋರ್ಕ್' ಒತ್ತಿದರೆ ನನ್ನ ಕಮಿಟ್‌ಗಳನ್ನು (ದಾಖಲಿಸಿದ ಬದಲಾವಣೆಗಳನ್ನು) ಬಿಟ್ಟುಬಿಡುವ ಆಯ್ಕೆ ತೋರಿಸುತ್ತದೆ!

ಉತ್ತರ (ಬಳ್ಳಾರಿಯ ತಂತ್ರಾಂಶ ಎಂಜಿನಿಯರ್): ತಮ್ಮಾ, ಆ ಆಯ್ಕೆಯ ತಂಟೆಗೆ ಹೋಗಬೇಡ. ಪುಲ್ ಹೇಳುತ್ತಿರುವುದು ಸುಳ್ಳಲ್ಲ. ಕ್ಲೋನ್ ಮಾಡಿದಾಗ ಗಿಟ್ 'ಆರಿಜಿನ್' ಎಂದು ಗುರುತಿಟ್ಟುಕೊಂಡದ್ದು ನಿನ್ನ ಫೋರ್ಕನ್ನು. ಮೂಲ ಯಾವುದೆಂಬುದು ಅದಕ್ಕೆ ಗೊತ್ತೇ ಇಲ್ಲ. 'ಗಿಟ್ ರಿಮೋಟ್ ಆ್ಯಡ್ ಅಪ್‌ಸ್ಟ್ರೀಮ್' ಎಂದು ಬರೆದು ಮುಂದೆ ಮೂಲದ ವಿಳಾಸ ಕೊಡು. ಆಮೇಲೆ 'ಗಿಟ್ ಫೆಚ್ ಅಪ್‌ಸ್ಟ್ರೀಮ್'. ಫೆಚ್ ಮೂಲದ ಹೊಸದನ್ನು ತಂದಿಡುತ್ತದೆಯಷ್ಟೇ, ನಿನ್ನ ಕಡತಗಳನ್ನು ಮುಟ್ಟುವುದಿಲ್ಲ, ಧೈರ್ಯವಾಗಿ ಕೊಡು.

ನಿಜವಾದ ತೊಡಕು ಮೇನ್‌ನಲ್ಲಿ ಬರೆದದ್ದು. ಮೇನ್ ಮೂಲದ ಪಡಿಯಚ್ಚಾಗಿಯೇ ಇರಲಿ, ನಿನ್ನ ಕೆಲಸಕ್ಕೆ ಬೇರೆ ಶಾಖೆ ಇರಲಿ. ಎಲ್ಲವೂ ಕಮಿಟ್ ಆಗಿದೆಯೇ ಎಂದು 'ಗಿಟ್ ಸ್ಟೇಟಸ್' ನೋಡಿ, ಮೇನ್‌ನಲ್ಲಿದ್ದುಕೊಂಡೇ 'ಗಿಟ್ ಬ್ರಾಂಚ್ ಗಿರಣಿ' ಕೊಡು. ಗಿರಣಿ ಶಾಖೆಯನ್ನು ಆರಿಜಿನ್‌ಗೆ ಪುಶ್ ಮಾಡು (ಕಳಿಸು). ಅದು ಗಿಟ್‌ಹಬ್‌ನಲ್ಲಿ ಕಣ್ಣಿಗೆ ಬಿದ್ದ ಮೇಲಷ್ಟೇ 'ಗಿಟ್ ರಿಸೆಟ್ --ಹಾರ್ಡ್ ಅಪ್‌ಸ್ಟ್ರೀಮ್/ಮೇನ್' ಕೊಡು; ಆಗ ಮೇನ್ ಮೂಲದಂತೆಯೇ ಆಗುತ್ತದೆ. ಮೇನನ್ನು ಪುಶ್ ಮಾಡುವಾಗ ಬರೀ '--ಫೋರ್ಸ್' (ಬಲವಂತವಾಗಿ ಬದಲಿಸುವುದು) ಬೇಡ, '--ಫೋರ್ಸ್-ವಿತ್-ಲೀಸ್' ಇರಲಿ; ನಡುವೆ ಬೇರೆಯವರು ಏನಾದರೂ ಸೇರಿಸಿದ್ದರೆ ಅದು ತಡೆಯುತ್ತದೆ. ಕೊನೆಗೆ ಗಿರಣಿ ಶಾಖೆಗೆ ಬಂದು 'ಗಿಟ್ ಮರ್ಜ್ ಮೇನ್' ಕೊಟ್ಟು ಮೂಲದ ತಿದ್ದುಪಡಿಗಳನ್ನು ಸೇರಿಸಿಕೋ.

ಪ್ರಶ್ನೆ (ಗಂಗಾವತಿ): ಮಾಡಿದೆ ಅಕ್ಕಾ. ತೆರಿಗೆಯ ಕಡತದಲ್ಲಿ ಸಂಘರ್ಷ ಬಂದಿದೆ (ಒಂದೇ ಜಾಗವನ್ನು ನಾನೂ ಅವರೂ ಬದಲಿಸಿದ್ದೇವೆ). ಮೂಲದವರು ಪೈಸೆಯನ್ನು ರೌಂಡ್ ಮಾಡುವ ಸಾಲು ಬದಲಿಸಿದ್ದಾರೆ. ಪೂರ್ತಿ ನನ್ನದನ್ನೇ ಇಟ್ಟುಕೊಳ್ಳಲೇ? ಇದೆಲ್ಲ ಪ್ರತಿ ರಾತ್ರಿ ತಾನಾಗಿಯೇ ಆಗುವಂತೆ ಮಾಡಬಹುದೇ?

ಉತ್ತರ (ಬಳ್ಳಾರಿ): ಕಣ್ಣುಮುಚ್ಚಿ ಒಂದನ್ನೇ ಆರಿಸಬೇಡ. <<<<<<< ಗುರುತಿನಿಂದ ======= ವರೆಗೆ ನಿನ್ನದು, ಅಲ್ಲಿಂದ >>>>>>> ವರೆಗೆ ಅವರದು. ನಿನ್ನ ಸಾಲಿನಲ್ಲಿ ತೂಕದ ಷರತ್ತಿದೆ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. 26 ಕಿಲೋ ಚೀಲ ಅಂಗಡಿಗೆ ಬಂದದ್ದೇ ಆ ಕಾರಣಕ್ಕೆ. ಮೂಲದವರಿಗೆ ಆ ಷರತ್ತು ಬೇಕಿಲ್ಲ, ಗಿರಣಿಯವರಿಗೆ ಬೇಕೇ ಬೇಕು. ಹಾಗೆಂದು ಅವರ ರೌಂಡ್ ತಿದ್ದುಪಡಿಯನ್ನು ಕಳೆದುಕೊಂಡರೆ ಲೆಕ್ಕ ತಾಳೆಯಾಗದು. ಎರಡನ್ನೂ ಸೇರಿಸಿ ಕೈಯಾರೆ ಬರೆ. ಗುರುತಿನ ಗೆರೆಗಳನ್ನು ಅಳಿಸಿ, ಕಮಿಟ್‌ಗೆ ಮುನ್ನ 25 ಕಿಲೋಗೆ ಒಂದು, 26 ಕಿಲೋಗೆ ಒಂದು ಬಿಲ್ಲು ತೆಗೆದು ನೋಡು. ಗಿಟ್ ಸಾಲುಗಳನ್ನು ಹೊಂದಿಸುತ್ತದೆಯೇ ಹೊರತು ಲೆಕ್ಕ ನೋಡುವುದಿಲ್ಲ. ಸಂಘರ್ಷ ತೋರಿಸದ ಕಡೆಯೂ ತಪ್ಪಿರಬಹುದು. 'ರೀರೀರೀ' ಎಂಬ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟರೆ (ಹೆಸರು ವಿಚಿತ್ರ, ಕೆಲಸ ಅಚ್ಚುಕಟ್ಟು) ಒಮ್ಮೆ ಬಿಡಿಸಿದ ಅದೇ ಸಂಘರ್ಷವನ್ನು ಮುಂದಿನ ಸಲ ಗಿಟ್ ತಾನೇ ಬಿಡಿಸುತ್ತದೆ.

ರಾತ್ರಿಯ ಕೆಲಸಕ್ಕೆ ಮೇನ್ ಮಾತ್ರ ಸಾಕು, ಅದೂ '--ಎಫ್ಎಫ್-ಓನ್ಲಿ' (ನೇರವಾಗಿ ಮುಂದೆ ಸರಿಯಲಾಗದಿದ್ದರೆ ನಿಲ್ಲು ಎಂಬ ಸೂಚನೆ) ಹಾಕಿ. ಗಿರಣಿ ಶಾಖೆಯನ್ನು ಯಂತ್ರಕ್ಕೆ ಒಪ್ಪಿಸಬೇಡ. ಬೆಳಿಗ್ಗೆ ಲಾರಿ ತುಂಬಿ ನಿಂತು ಬಿಲ್ಲು ಬರದಿದ್ದರೆ ಮಾಲೀಕರು ಫೋನ್ ಮಾಡುವುದು ನಿನಗೆ.

ಪ್ರಶ್ನೆ (ರಾಯಚೂರಿನ ಸದಸ್ಯರು): ಮೇಡಂ, ಮರ್ಜ್ ಬದಲು ರಿಬೇಸ್ (ನಮ್ಮ ಕಮಿಟ್‌ಗಳನ್ನು ಮೂಲದ ತುದಿಯ ಮೇಲೆ ಮತ್ತೆ ಜೋಡಿಸುವುದು) ಒಳ್ಳೆಯದಲ್ಲವೇ? ಇತಿಹಾಸ ನೇರವಾಗಿ ಉಳಿಯುತ್ತದೆ.

ಉತ್ತರ (ಬಳ್ಳಾರಿ): ಒಬ್ಬರೇ ಕೆಲಸ ಮಾಡುವ ಶಾಖೆಯಾದರೆ ಮಾಡಿ ಸರ್. ರಿಬೇಸ್ ಹಳೆಯ ಕಮಿಟ್‌ಗಳ ಬದಲು ಹೊಸ ಗುರುತಿನ ಕಮಿಟ್‌ಗಳನ್ನು ಕೂರಿಸುತ್ತದೆ. ಅದೇ ಶಾಖೆಯನ್ನು ಇನ್ನೊಬ್ಬರು ಇಳಿಸಿಕೊಂಡಿದ್ದರೆ ಅವರ ಪ್ರತಿ ದಿಕ್ಕು ತಪ್ಪುತ್ತದೆ. ಗಿರಣಿಯ ಕಂಪ್ಯೂಟರಿನಲ್ಲೂ ಇದೇ ಶಾಖೆ ಓಡುತ್ತಿದ್ದರೆ ಮರ್ಜ್ ಮಾಡುವುದೇ ವಾಸಿ.